ಆಡಿದ ಮಾತಿನ ಸಾಲ

2009ರ ಮೇ 4ರಂದು ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಬೆಂಗಳೂರಿನ ಹೆಸರೆತ್ತಿದರು. ಅಂದಿನ ವಿಷಯ ತೆರಿಗೆ ಸುಧಾರಣೆ. ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿ ಒಂದು ಕೆಲಸ ಕೊಟ್ಟರೆ ಹೆಚ್ಚು ತೆರಿಗೆ, ಬೆಂಗಳೂರಿನಲ್ಲಿ ಕೊಟ್ಟರೆ ಕಡಿಮೆ ತೆರಿಗೆ, ನಮ್ಮ ಕಾನೂನೇ ಹಾಗಿದೆ ಎಂಬುದು ಅವರ ದೂರು. ಬಫಲೊ, ಬೆಂಗಳೂರು. ಎರಡೂ ಬಕಾರ, ಪ್ರಾಸ ಚೆನ್ನಾಗಿ ಕೂತಿತು. ಮರುದಿನ ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಅದೇ ಸುದ್ದಿ, ಐಟಿ ಕಂಪನಿಗಳಲ್ಲಿ ಅದೇ ಚರ್ಚೆ. ಸ್ವಾರಸ್ಯವೆಂದರೆ ಒಬಾಮ ಅವರ ನಿಜವಾದ ಗುರಿ ಅಮೆರಿಕದ ಬಹುರಾಷ್ಟ್ರೀಯ ಕಂಪನಿಗಳು ಹೊರದೇಶಗಳಲ್ಲಿ ಬಚ್ಚಿಟ್ಟ ಲಾಭ. ಕೇಮನ್ ದ್ವೀಪದ ಒಂದೇ ಕಟ್ಟಡವನ್ನು ಹನ್ನೆರಡು ಸಾವಿರಕ್ಕೂ ಹೆಚ್ಚು ಕಂಪನಿಗಳು ತಮ್ಮ ವಿಳಾಸವೆಂದು ತೋರಿಸಿವೆ ಎಂದು ಅದೇ ಭಾಷಣದಲ್ಲಿ ಅವರು ಹೇಳಿದ್ದರು. ಆದರೆ ಕೇಮನ್ ಯಾರ ನೆನಪಿನಲ್ಲೂ ಉಳಿಯಲಿಲ್ಲ; ಬೆಂಗಳೂರು ಉಳಿಯಿತು.

ಒಂದೂವರೆ ವರ್ಷದ ಬಳಿಕ, 2010ರ ನವೆಂಬರ್‌ನಲ್ಲಿ, ಅದೇ ಒಬಾಮ ಮುಂಬೈಗೆ ಬಂದರು. ಭಾರತವೆಂದರೆ ಅಮೆರಿಕನ್ನರ ಕೆಲಸ ಕಸಿಯುವ ಕಾಲ್ ಸೆಂಟರ್‌ಗಳ ದೇಶ ಎಂದು ಬಿಂಬಿಸುವುದು ಹಳೆಯ ವ್ಯಂಗ್ಯಚಿತ್ರ, ಅದನ್ನು ಮರೆತುಬಿಡಿ ಎಂಬ ಧಾಟಿಯಲ್ಲಿ ಉದ್ಯಮಿಗಳೆದುರು ಮಾತಾಡಿದರು. ಆ ಚಿತ್ರಕ್ಕೆ ಬಣ್ಣ ಬಳಿದವರಲ್ಲಿ ತಾವೂ ಒಬ್ಬರು ಎಂದು ಹೇಳುವ ಗೋಜಿಗೆ ಹೋಗಲಿಲ್ಲ.

ಅಮೆರಿಕದ ಅಧ್ಯಕ್ಷರ ಮಾತಿನ ಪೇಚು ಇರುವುದೇ ಇಲ್ಲಿ. ಮಾತು ಒಬ್ಬರಿಗೆ, ಕೇಳಿಸುವುದು ಇನ್ನೊಬ್ಬರಿಗೆ. ಬಫಲೊದ ಮತದಾರನಿಗೆ ಆಡಿದ್ದು ಬೆಂಗಳೂರಿಗೆ ತಟ್ಟುತ್ತದೆ. ಸೆನೆಟ್ಟಿನ ನಾಲ್ಕು ಮತಕ್ಕಾಗಿ ಆಡಿದ್ದು ಮಾಸ್ಕೊಗೆ, ಟೆಹ್ರಾನಿಗೆ ತಟ್ಟುತ್ತದೆ. ಮಾತಿಲ್ಲದೆ ಅವರಿಗೆ ನಡೆಯುವುದೂ ಇಲ್ಲ. ಸೇನೆಯ ದಂಡನಾಯಕ ಅಧ್ಯಕ್ಷನೇ ಆದರೂ ಸಂವಿಧಾನದ ಪ್ರಕಾರ ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು, ಹಣದ ಚೀಲವೂ ಅದರದೇ. ಒಪ್ಪಂದಕ್ಕೆ ಸೆನೆಟ್ಟಿನ ಮೂರನೇ ಎರಡರಷ್ಟು ಮತ ಬೇಕು. ಅಧ್ಯಕ್ಷನ ಅಧಿಕಾರವೆಂದರೆ ಒಪ್ಪಿಸುವ ಅಧಿಕಾರ ಎಂದು ರಾಜಕೀಯ ವಿಜ್ಞಾನಿ ರಿಚರ್ಡ್ ನ್ಯೂಸ್ಟಾಟ್ 1960ರಲ್ಲಿ ಬರೆದದ್ದು ಇದನ್ನೇ. ಒಪ್ಪಿಸಲು ಆಡಿದ ಮಾತು ಕೆಲಸ ಮುಗಿದ ಮೇಲೆ ಕರಗಿಹೋದರೆ ಚಿಂತೆಯಿರಲಿಲ್ಲ. ಅದು ಸಾಲದಂತೆ ಉಳಿಯುತ್ತದೆ. ತೆಗೆದವನೊಬ್ಬ, ತೀರಿಸುವವನೊಬ್ಬ.

ಮಾತನ್ನು ನೆಚ್ಚಿ ಕೆಟ್ಟ ಮೊದಲ ದೊಡ್ಡ ಉದಾಹರಣೆ ವುಡ್ರೊ ವಿಲ್ಸನ್. ಅಮೆರಿಕವನ್ನು ಯುದ್ಧದಿಂದ ಹೊರಗಿಟ್ಟವರು ಎಂಬ ಘೋಷಣೆಯ ಬಲದಲ್ಲಿ 1916ರ ಚುನಾವಣೆ ಗೆದ್ದು, 1917ರ ಏಪ್ರಿಲ್ 2ರಂದು ಯುದ್ಧಕ್ಕೆ ಅನುಮತಿ ಕೇಳಿದರು. ಪ್ರಜಾಪ್ರಭುತ್ವಕ್ಕೆ ಜಗತ್ತು ಸುರಕ್ಷಿತವಾಗಬೇಕು ಎಂಬುದು ಅವರು ಕೊಟ್ಟ ಕಾರಣ. ಅಷ್ಟು ದೊಡ್ಡ ಕಾರಣ ಕೊಟ್ಟ ಮೇಲೆ ಗೆಲುವೂ ಅಷ್ಟೇ ದೊಡ್ಡದಾಗಬೇಕಲ್ಲ? ವರ್ಸೇಲ್ಸ್ ಒಪ್ಪಂದಕ್ಕೆ ಸೆನೆಟ್ ತಗಾದೆ ತೆಗೆದಾಗ, ಜನರನ್ನೇ ಒಪ್ಪಿಸುತ್ತೇನೆಂದು 1919ರ ಸೆಪ್ಟೆಂಬರಿನಲ್ಲಿ ರೈಲು ಹತ್ತಿ ಸುಮಾರು ಎಂಟು ಸಾವಿರ ಮೈಲಿ ಸುತ್ತಿದರು. ಕೊಲರಾಡೊದ ಪ್ಯೂಬ್ಲೊದಲ್ಲಿ ಭಾಷಣ ಮಾಡಿದ ರಾತ್ರಿಯೇ ಕುಸಿದರು. ಒಂದು ವಾರಕ್ಕೆ ಪಾರ್ಶ್ವವಾಯು ಹೊಡೆಯಿತು. ಒಪ್ಪಂದ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ತಾವೇ ಹುಟ್ಟುಹಾಕಿದ ರಾಷ್ಟ್ರಗಳ ಒಕ್ಕೂಟಕ್ಕೆ ವಿಲ್ಸನ್ನರ ದೇಶವೇ ಸೇರಲಿಲ್ಲ.

ಆ ಪಾಡನ್ನು ಹತ್ತಿರದಿಂದ ಕಂಡವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ವಿಲ್ಸನ್ ಸರಕಾರದಲ್ಲಿ ಅವರು ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದರು. ಆದರೂ 1937ರ ಅಕ್ಟೋಬರಿನಲ್ಲಿ ಷಿಕಾಗೊದಲ್ಲಿ ಒಮ್ಮೆ ದುಡುಕಿದರು. ಆಕ್ರಮಣಕಾರಿ ದೇಶಗಳನ್ನು ಸಾಂಕ್ರಾಮಿಕ ರೋಗಿಗಳಂತೆ ಪ್ರತ್ಯೇಕಿಸಿ ಇಡಬೇಕು ಎಂದುಬಿಟ್ಟರು. ಯುದ್ಧವಿರೋಧಿಗಳು ಮುಗಿಬಿದ್ದರು, ಸ್ವಪಕ್ಷದ ಮುಖಂಡರು ತುಟಿ ಬಿಚ್ಚಲಿಲ್ಲ. ರೂಸ್‌ವೆಲ್ಟ್ ಹಿಂದೆ ಸರಿದರು. ಅಲ್ಲಿಂದ ಮೂರು ವರ್ಷ ಅವರ ಮಾತು ಜನರ ಹೆಜ್ಜೆಗಿಂತ ಒಂದೇ ಹೆಜ್ಜೆ ಮುಂದೆ, ಎರಡು ಹೆಜ್ಜೆ ಎಂದೂ ಅಲ್ಲ.

1940ರ ಡಿಸೆಂಬರ್. ಫ್ರಾನ್ಸ್ ಬಿದ್ದಾಗಿದೆ, ಲಂಡನ್ನಿನ ಮೇಲೆ ರಾತ್ರಿಯಿಡೀ ಬಾಂಬು. ಕೆರಿಬಿಯನ್ ಸಮುದ್ರದಲ್ಲಿ ಯುದ್ಧನೌಕೆಯೊಂದರ ಮೇಲೆ ವಿಶ್ರಾಂತಿಯಲ್ಲಿದ್ದ ರೂಸ್‌ವೆಲ್ಟರಿಗೆ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರ ಉದ್ದದ ಪತ್ರ ಬಂತು. ಅದರ ಸಾರ: ಕೊಳ್ಳಲು ನಮ್ಮಲ್ಲಿ ಇನ್ನು ಹೆಚ್ಚು ದಿನ ಹಣ ಇರುವುದಿಲ್ಲ. ಪುಕ್ಕಟೆ ಕೊಡಲು ಕಾಂಗ್ರೆಸ್ ಒಪ್ಪದು. ಸಾಲ ಎಂದರೆ ಮೊದಲ ಮಹಾಯುದ್ಧದ ಸಾಲವೇ ಇನ್ನೂ ವಸೂಲಾಗಿಲ್ಲ ಎಂಬ ಸಿಟ್ಟು ಜನರಲ್ಲಿದೆ. ಕಳೆದ ತಿಂಗಳ ಚುನಾವಣೆಯ ಹೊತ್ತಿಗೆ ಬಾಸ್ಟನ್ನಿನಲ್ಲಿ ನಿಂತು, ನಿಮ್ಮ ಮಕ್ಕಳನ್ನು ಪರದೇಶದ ಯಾವ ಯುದ್ಧಕ್ಕೂ ಕಳಿಸುವುದಿಲ್ಲ ಎಂದು ಮಾತು ಬೇರೆ ಕೊಟ್ಟಾಗಿದೆ.

ಡಿಸೆಂಬರ್ 17ರಂದು ಪತ್ರಿಕಾಗೋಷ್ಠಿ. ರೂಸ್‌ವೆಲ್ಟ್ ಭಾಷಣ ಮಾಡಲಿಲ್ಲ, ಹರಟೆಯ ಧಾಟಿಯಲ್ಲಿ ಒಂದು ಸನ್ನಿವೇಶ ಹೇಳಿದರು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ, ನನ್ನ ತೋಟದ ನೀರಿನ ಪೈಪು ಕೊಟ್ಟರೆ ಅವನು ಬೆಂಕಿ ಆರಿಸಿಕೊಳ್ಳಬಹುದು. ಆಗ ನಾನೇನು ‘ಇದಕ್ಕೆ ಹದಿನೈದು ಡಾಲರ್ ಆಗಿದೆ, ಮೊದಲು ದುಡ್ಡು ಕೊಡು’ ಎನ್ನುತ್ತೇನೆಯೇ? ನನಗೆ ದುಡ್ಡು ಬೇಡ, ಬೆಂಕಿ ಆರಿದ ಮೇಲೆ ಪೈಪು ವಾಪಸು ಕೊಟ್ಟರೆ ಸಾಕು. ಇಷ್ಟೇ. ಹಿಟ್ಲರನ ಬಣ್ಣನೆಯಿಲ್ಲ, ನಾಗರಿಕತೆಯ ಉಳಿವಿನ ಮಾತಿಲ್ಲ. ಯುದ್ಧಸಾಮಗ್ರಿ ಸಾಲ ಕೊಡುವುದೆಂದರೆ ಚ್ಯೂಯಿಂಗ್ ಗಮ್ ಸಾಲ ಕೊಟ್ಟ ಹಾಗೆ, ವಾಪಸು ಕೊಟ್ಟರೂ ಯಾರಿಗೂ ಬೇಡ ಎಂದು ಸೆನೆಟರ್ ರಾಬರ್ಟ್ ಟಾಫ್ಟ್ ಕಿಚಾಯಿಸಿದರು. ತರ್ಕದ ಮಟ್ಟಿಗೆ ಟಾಫ್ಟ್ ಹೇಳಿದ್ದೇ ಸರಿ. ಒಡೆದ ಟ್ಯಾಂಕು, ಮುಳುಗಿದ ಹಡಗನ್ನು ಯಾರು ವಾಪಸು ಕೊಡುತ್ತಾರೆ? ಆದರೆ ಗೆದ್ದದ್ದು ಪೈಪು. 1941ರ ಮಾರ್ಚ್ 11ರಂದು ‘ಲೆಂಡ್-ಲೀಸ್’ ಕಾಯ್ದೆಗೆ ಅಂಕಿತ ಬಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅದರಡಿ ಮಿತ್ರರಾಷ್ಟ್ರಗಳಿಗೆ ಹೋದ ನೆರವು ಸುಮಾರು 5 ಸಾವಿರ ಕೋಟಿ ಡಾಲರ್.

ಮರುವರ್ಷ, ಪರ್ಲ್ ಹಾರ್ಬರಿನ ಸೋಲು ಇನ್ನೂ ಹಸಿಯಾಗಿದ್ದಾಗ, ರೂಸ್‌ವೆಲ್ಟ್ ಇನ್ನೊಂದು ಕೆಲಸ ಮಾಡಿದರು. ಫೆಬ್ರುವರಿ 23ರ ರೇಡಿಯೊ ಮಾತುಕತೆಗೆ ಕೂರುವಾಗ ಪ್ರಪಂಚದ ಭೂಪಟವನ್ನು ಎದುರಿಗಿಟ್ಟುಕೊಳ್ಳಿ ಎಂದು ಮುಂಚಿತವಾಗಿಯೇ ಜನರಿಗೆ ಹೇಳಿ ಕಳಿಸಿದರು. ಅಂಗಡಿಗಳಲ್ಲಿ ಭೂಪಟಗಳು ಖಾಲಿಯಾದವು, ಪತ್ರಿಕೆಗಳು ಅಚ್ಚು ಹಾಕಿ ಹಂಚಿದವು. ಆ ರಾತ್ರಿ ಅಧ್ಯಕ್ಷರು ಒಂದೊಂದೇ ಸಾಗರಮಾರ್ಗ ತೋರಿಸುತ್ತ, ಎಲ್ಲಿ ಸೋತಿದ್ದೇವೆ, ಸರಬರಾಜು ಯಾಕೆ ತಡವಾಗುತ್ತದೆ ಎಂದು ಮೇಷ್ಟರಂತೆ ವಿವರಿಸಿದರು. ಕೇಳುಗ ದಡ್ಡನಲ್ಲ ಎಂದು ನಂಬಿ ಆಡಿದ ಅಂಥ ಮಾತು ಆಮೇಲೆ ಅಪರೂಪವಾಯಿತು.

ಯಾಕೆ ಅಪರೂಪವಾಯಿತು ಎಂಬುದಕ್ಕೆ 1947ರ ಕಥೆ ಇದೆ. ಗ್ರೀಸ್‌ಗೂ ಟರ್ಕಿಗೂ ಇನ್ನು ನೆರವು ಕೊಡಲು ನಮ್ಮಿಂದಾಗದು ಎಂದು ಬ್ರಿಟನ್ ಫೆಬ್ರುವರಿ 21ರಂದು ವಾಷಿಂಗ್ಟನ್ನಿಗೆ ತಿಳಿಸಿತು. ಗ್ರೀಸಿನಲ್ಲಿ ಕಮ್ಯುನಿಸ್ಟರೊಂದಿಗೆ ಅಂತರ್ಯುದ್ಧ ನಡೆದಿತ್ತು. ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ಬೇಕಾಗಿದ್ದದ್ದು 40 ಕೋಟಿ ಡಾಲರ್. ಖರ್ಚು ಕಡಿತದ ಹಟ ಹಿಡಿದಿದ್ದ ರಿಪಬ್ಲಿಕನ್ ಪಕ್ಷದ ಕೈಯಲ್ಲಿ ಕಾಂಗ್ರೆಸ್ ಇತ್ತು. 27ರಂದು ಮುಖಂಡರನ್ನು ಶ್ವೇತಭವನಕ್ಕೆ ಕರೆಸಿದಾಗ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ವರದಿ ಒಪ್ಪಿಸುವಂತೆ ಒಣದಾಗಿ ಮಾತಾಡಿದರು. ಬ್ರಿಟಿಷರ ಚಿತೆಯಿಂದ ಕೆಂಡ ಎತ್ತುವ ಕೆಲಸ ನಮಗೇಕೆ ಎಂಬಂಥ ಪ್ರಶ್ನೆಗಳು ಎದ್ದವು. ಆಗ ಉಪಕಾರ್ಯದರ್ಶಿ ಡೀನ್ ಅಚಿಸನ್ ಮಾತು ಕಸಿದುಕೊಂಡರು. ಪೀಪಾಯಿಯ ಒಂದು ಸೇಬು ಕೊಳೆತರೆ ಉಳಿದವೂ ಕೊಳೆಯುತ್ತವೆ. ಗ್ರೀಸ್ ಹೋದರೆ ಇರಾನ್, ಆಮೇಲೆ ಪೂರ್ವವೆಲ್ಲ, ಇತ್ತ ಇಟಲಿ, ಫ್ರಾನ್ಸ್ ಎಂದು ಚಿತ್ರ ಬಿಡಿಸಿದರು. ಕೂತವರು ಗಪ್‌ಚಿಪ್. ಇದೇ ಮಾತನ್ನು ಅಧ್ಯಕ್ಷರು ದೇಶಕ್ಕೆ ಹೇಳುವುದಾದರೆ ನಾವು ಬೆಂಬಲಿಸುತ್ತೇವೆ ಎಂದರು ಸೆನೆಟರ್ ಆರ್ಥರ್ ವ್ಯಾಂಡೆನ್‌ಬರ್ಗ್.

ಭಾಷಣದ ಮೊದಲ ಕರಡು ಅಂಕಿಅಂಶಗಳಿಂದ ತುಂಬಿ, ಷೇರು ಮಾರುವ ಕಂಪನಿಯ ಪ್ರಕಟಣೆಯಂತಿತ್ತು ಎಂದು ಟ್ರೂಮನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕರಡಿನ ಮುಖ್ಯ ವಾಕ್ಯದಲ್ಲಿ, ಸ್ವತಂತ್ರ ಜನರಿಗೆ ನೆರವಾಗುವುದು ಅಮೆರಿಕದ ನೀತಿ ‘ಆಗಿರುವುದು ಒಳ್ಳೆಯದು’ ಎಂಬ ಅರ್ಥದ ಪದವಿತ್ತಂತೆ. ಅದನ್ನು ಪೆನ್ಸಿಲಿನಲ್ಲಿ ಹೊಡೆದು ‘ಆಗಿರಲೇಬೇಕು’ ಎಂದು ತಿದ್ದಿದೆ ಎನ್ನುತ್ತಾರೆ. ಮಾರ್ಚ್ 12ರಂದು ಆ ವಾಕ್ಯ ಕಾಂಗ್ರೆಸ್ಸಿನಲ್ಲಿ ಮೊಳಗಿತು. ಸೋವಿಯತ್ ಒಕ್ಕೂಟದ ಹೆಸರು ಇಡೀ ಭಾಷಣದಲ್ಲಿ ಒಮ್ಮೆಯೂ ಇಲ್ಲ. ಗ್ರೀಸಿನ ಹೆಸರೂ ಆ ವಾಕ್ಯದಲ್ಲಿಲ್ಲ. ಎಲ್ಲಿ, ಯಾವಾಗ, ಎಷ್ಟು ಎಂಬ ಮಿತಿ ಇರಲಿಲ್ಲ.

ವಿದೇಶಾಂಗ ಇಲಾಖೆಯ ಸೋವಿಯತ್ ತಜ್ಞ ಜಾರ್ಜ್ ಕೆನನ್‌ಗೆ ಈ ಅಳತೆಗೆಟ್ಟ ಮಾತು ಹಿಡಿಸಲಿಲ್ಲ, ಆಕ್ಷೇಪಿಸಿದರು. ಕೇಳುವವರಿರಲಿಲ್ಲ. ನನ್ನ ಲೆಕ್ಕದಲ್ಲಿ ಇಪ್ಪತ್ತನೇ ಶತಮಾನದ ಅತಿ ದುಬಾರಿ ತಿದ್ದುಪಡಿ ಆ ಪೆನ್ಸಿಲಿನದು. ಗ್ರೀಸಿಗೆ ಹಣ ಸಿಕ್ಕಿತು, 1949ಕ್ಕೆ ಅಲ್ಲಿಯ ಅಂತರ್ಯುದ್ಧವೂ ಮುಗಿಯಿತು. ಮಾತು ಮಾತ್ರ ಮುಗಿಯಲಿಲ್ಲ. ಕೊಳೆತ ಸೇಬು 1954ರಲ್ಲಿ ಐಸೆನ್‌ಹೋವರ್ ಬಾಯಲ್ಲಿ ಸಾಲಾಗಿ ಬೀಳುವ ಡೊಮಿನೊ ಆಯಿತು. ಹತ್ತು ವರ್ಷ ಕಳೆದು, ವಿಯೆಟ್ನಾಂನ ಟಾಂಕಿನ್ ಕೊಲ್ಲಿಯಲ್ಲಿ ನಡೆಯಿತೆನ್ನಲಾದ ದಾಳಿಯ ನೆಪದಲ್ಲಿ ಲಿಂಡನ್ ಜಾನ್ಸನ್ ಕೇಳಿದ ಅಧಿಕಾರಕ್ಕೆ ಕೆಳಮನೆ 416-0, ಸೆನೆಟ್ 88-2 ಮತಗಳಿಂದ ತಲೆಯಾಡಿಸಿತು. ಆ ದಿನ ‘ಬೇಡ’ ಎಂದವರು ವೇಯ್ನ್ ಮೋರ್ಸ್, ಅರ್ನೆಸ್ಟ್ ಗ್ರೂನಿಂಗ್ ಇಬ್ಬರೇ. ಸ್ವತಂತ್ರ ಜನರಿಗೆ ನೆರವಾಗಲೇಬೇಕು ಎಂದು ಇಡೀ ಒಂದು ಪೀಳಿಗೆ ಬಾಯಿಪಾಠ ಮಾಡಿದ್ದಾಗ, ವಿಯೆಟ್ನಾಂ ಎಂದರೆ ಗ್ರೀಸ್ ಅಲ್ಲ ಎಂದು ಹೇಳುವ ಎದೆ ಎಷ್ಟು ಜನರಿಗಿರುತ್ತದೆ?

ಜಾನ್ ಕೆನಡಿ ಈ ಸಾಲದ ಬಿಸಿ ಮುಟ್ಟಿಸಿಕೊಂಡದ್ದಕ್ಕೆ ಧ್ವನಿಮುದ್ರಿಕೆಯ ಸಾಕ್ಷಿಯೇ ಇದೆ. ಕ್ಯೂಬಾದಲ್ಲಿ ದಾಳಿಗೆ ಬಳಸುವಂಥ ಸೋವಿಯತ್ ಕ್ಷಿಪಣಿಗಳು ಬಂದರೆ ಸುಮ್ಮನಿರೆವು ಎಂದು ಅವರು 1962ರ ಸೆಪ್ಟೆಂಬರಿನಲ್ಲಿ ಎರಡು ಬಾರಿ ಎಚ್ಚರಿಸಿದ್ದರು. ಕಾಂಗ್ರೆಸ್ ಚುನಾವಣೆ ಹತ್ತಿರವಿತ್ತು, ಕ್ಯೂಬಾ ವಿಷಯದಲ್ಲಿ ಅಧ್ಯಕ್ಷರು ಮೆತ್ತಗೆ ಎಂದು ವಿರೋಧಿಗಳು ಬೊಬ್ಬೆ ಹಾಕುತ್ತಿದ್ದರು, ಕ್ಷಿಪಣಿ ಬಂದಿಲ್ಲ ಎಂಬ ಭರವಸೆಯಲ್ಲಿ ಆಡಿದ ಮಾತು ಅದು. ಅಕ್ಟೋಬರ್ 16ರಂದು ಗೂಢಚಾರ ವಿಮಾನ ತೆಗೆದ ಫೋಟೊಗಳು ಮೇಜಿನ ಮೇಲೆ ಬಂದವು. ಅಂದಿನ ಸಭೆಯಲ್ಲಿ ಕೆನಡಿ ಹೇಳಿದ್ದು ಟೇಪಿನಲ್ಲಿದೆ: ಬಿಡುವುದಿಲ್ಲ ಎಂದು ಕಳೆದ ತಿಂಗಳು ಅಂದೆ, ನಮಗೇನಂತೆ ಎಂದಿರಬೇಕಿತ್ತು. ಜಗತ್ತು ಅಣುಯುದ್ಧದ ಅಂಚಿಗೆ ಹೋಗಿ ನಿಂತ ಆ ಹದಿಮೂರು ದಿನಗಳ ಮೊದಲ ದಿನವೇ ಅಧ್ಯಕ್ಷರನ್ನು ಕಾಡಿದ್ದು ತಮ್ಮದೇ ಮಾತು.

ಮುಂದಿನ ಆರು ದಿನ ಅವರು ಮಾತನ್ನು ತೂಗಿ ತೂಗಿ ನೋಡಿದರು. ಬಾಂಬು ಹಾಕುವುದೆಂದಾದರೆ ಒಂದು ಭಾಷಣ, ಹಡಗು ತಡೆಯುವುದೆಂದಾದರೆ ಇನ್ನೊಂದು, ಹೀಗೆ ಬೇರೆಬೇರೆ ಕರಡುಗಳು ಸಿದ್ಧವಾದವು. ಕಡೆಗೆ ಆಯ್ಕೆಯಾದದ್ದು ಥಿಯೊಡೋರ್ ಸೊರೆನ್ಸನ್ ಬರೆದ ಎರಡನೆಯದು. ಅದರಲ್ಲಿ ‘ದಿಗ್ಬಂಧನ’ ಎಂಬ ಪದ ಬಳಸುವಂತಿರಲಿಲ್ಲ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಅದು ಯುದ್ಧಕ್ಕೆ ಸಮ. ಮೇಲಾಗಿ 1948ರಲ್ಲಿ ಬರ್ಲಿನ್ನಿಗೆ ಸೋವಿಯತ್ತರು ಹಾಕಿದ ದಿಗ್ಬಂಧನವನ್ನು ಬೈದವರೇ ಇವರು. ಹಾಗಾಗಿ ಅಕ್ಟೋಬರ್ 22ರ ಸಂಜೆ ಟೀವಿಯಲ್ಲಿ ಕೆನಡಿ ಸಾರಿದ್ದು ‘ಕ್ವಾರಂಟೈನ್’. ಕೋವಿಡ್ ಕಾಲದಲ್ಲಿ ನಮ್ಮ ಹಳ್ಳಿಹಳ್ಳಿಗೂ ಬಂದ ಪದ, 1937ರಲ್ಲಿ ರೂಸ್‌ವೆಲ್ಟರಿಗೆ ಕೈಕೊಟ್ಟ ಪದ, ಈ ಸಲ ಕೆಲಸಕ್ಕೆ ಬಂತು. ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಯೋಚಿಸಲು ಸಮಯ ಸಿಕ್ಕಿತು, ಹಡಗುಗಳು ಹಿಂದಿರುಗಿದವು.

ಆದರೆ ಬಿಕ್ಕಟ್ಟು ಕಳೆದದ್ದು ಭಾಷಣವೊಂದರಿಂದಲೇ ಅಲ್ಲ. ಟರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ಕೆಲವು ತಿಂಗಳಲ್ಲಿ ತೆಗೆಯುತ್ತೇವೆ, ಬಾಯಿ ಬಿಡಬೇಡಿ ಎಂದು ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ 27ರ ರಾತ್ರಿ ಸೋವಿಯತ್ ರಾಯಭಾರಿ ಡೊಬ್ರಿನಿನ್‌ಗೆ ಹೇಳಿದ್ದರು. ಅದು ವರ್ಷಗಟ್ಟಲೆ ಗುಟ್ಟಾಗಿಯೇ ಉಳಿಯಿತು. ಹೀಗಾಗಿ ಮುಂದಿನ ರಾಜಕಾರಣಿಗಳು ಕಲಿತ ಪಾಠ ತಪ್ಪಾಯಿತು. ಟೀವಿಯ ಮುಂದೆ ಹಲ್ಲು ಕಚ್ಚಿ ನಿಂತರೆ ಎದುರಾಳಿ ಕಣ್ಣು ತಗ್ಗಿಸುತ್ತಾನೆ ಎಂದು ನಂಬಿದರು. ಹಿಂಬಾಗಿಲಿನ ಕೊಡುಕೊಳ್ಳುವಿಕೆ ಅವರ ಕಣ್ಣಿಗೆ ಬೀಳಲೇ ಇಲ್ಲ.

ಕೆನಡಿ ಕಲಿತ ಪಾಠ ಬೇರೆ. 1963ರ ಜೂನ್ 10ರಂದು ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಅವರು ಶತ್ರುವಿನ ಬಗ್ಗೆ ಅದುವರೆಗೆ ಯಾವ ಶೀತಲ ಸಮರದ ಅಧ್ಯಕ್ಷನೂ ಆಡದ ಮಾತು ಆಡಿದರು. ಎರಡನೇ ಮಹಾಯುದ್ಧದಲ್ಲಿ ರಷ್ಯನ್ನರು ಉಂಡಷ್ಟು ನೋವು ಯಾರೂ ಉಂಡಿಲ್ಲ ಎಂದರು. ನಾವೆಲ್ಲ ಉಸಿರಾಡುವುದು ಒಂದೇ ಗಾಳಿ, ನಮ್ಮೆಲ್ಲರಿಗೂ ಮಕ್ಕಳ ನಾಳೆಯ ಚಿಂತೆ, ನಾವೆಲ್ಲ ಸಾಯುವವರೇ ಎಂದರು. ಮಾತಿನ ಜತೆ ಕೈಯಲ್ಲೂ ಏನೋ ಹಿಡಿದು ಬಂದಿದ್ದರು: ಉಳಿದವರು ಮಾಡದಿದ್ದರೆ ನಾವೂ ವಾಯುಮಂಡಲದಲ್ಲಿ ಅಣು ಪರೀಕ್ಷೆ ಮಾಡುವುದಿಲ್ಲ ಎಂಬ ಘೋಷಣೆ. ಸೋವಿಯತ್ ಪತ್ರಿಕೆಗಳು ಇಡೀ ಭಾಷಣ ಅಚ್ಚು ಹಾಕಿದವು. ರೂಸ್‌ವೆಲ್ಟರ ನಂತರ ಅಮೆರಿಕದ ಅಧ್ಯಕ್ಷನೊಬ್ಬನ ಅತ್ಯುತ್ತಮ ಭಾಷಣ ಇದು ಎಂದು ಕ್ರುಶ್ಚೇವ್ ಅಮೆರಿಕದ ಸಂಧಾನಕಾರ ಹ್ಯಾರಿಮನ್‌ಗೆ ಹೇಳಿದರು. ಸರಿಯಾಗಿ ಎಂಟು ವಾರಕ್ಕೆ, ಆಗಸ್ಟ್ 5ರಂದು, ಮಾಸ್ಕೊದಲ್ಲಿ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ನಡುವೆ ಜೂನ್ 26ರಂದು ಬರ್ಲಿನ್ನಿನಲ್ಲಿ, ಜನಸಾಗರ ಕಂಡ ಹುರುಪಿನಲ್ಲಿ, ಕಮ್ಯುನಿಸ್ಟರ ಜತೆ ಕೆಲಸ ಮಾಡಬಹುದು ಎನ್ನುವವರು ಬರ್ಲಿನ್ನಿಗೆ ಬಂದು ನೋಡಲಿ ಎಂದು ಕೆನಡಿಯೇ ಗುಡುಗಿದರು. ಹದಿನಾರು ದಿನದ ಹಿಂದೆ ಹಾಗೆ ಹೇಳಿದವರು ತಾವೇ! ಜಗತ್ತಿಗೆ ಇವತ್ತು ನೆನಪಿರುವುದು ಬರ್ಲಿನ್ ಭಾಷಣ. ಚಪ್ಪಾಳೆಯ ನ್ಯಾಯ ಅದು.

ರೊನಾಲ್ಡ್ ರೇಗನ್ ಎಂದರೆ ನಮ್ಮಲ್ಲಿ ಹಲವರಿಗೆ ‘ದುಷ್ಟ ಸಾಮ್ರಾಜ್ಯ’ ಒಂದೇ ನೆನಪು. 1983ರ ಮಾರ್ಚ್ 8ರಂದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಇವ್ಯಾಂಜೆಲಿಕಲ್ ಕ್ರೈಸ್ತರ ಸಮಾವೇಶದಲ್ಲಿ ಸೋವಿಯತ್ ಒಕ್ಕೂಟದ ಬಗ್ಗೆ ಆಡಿದ ಮಾತು. ಅಣ್ವಸ್ತ್ರಗಳನ್ನು ಇದ್ದಲ್ಲೇ ನಿಲ್ಲಿಸಿ ಎಂಬ ಚಳವಳಿ ಅಮೆರಿಕದಲ್ಲಿ ಜೋರಾಗಿತ್ತು, ಚರ್ಚುಗಳೂ ಅದರತ್ತ ವಾಲುತ್ತಿದ್ದವು. ಅದನ್ನು ತಡೆಯುವುದು ಆ ಭಾಷಣದ ಉದ್ದೇಶ. ಕ್ರೆಮ್ಲಿನ್ನಿಗೆ ಕೇಳಿಸಿದ್ದು ಮಾತ್ರ ಯುದ್ಧದ ಸದ್ದು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಟೊ ನಡೆಸಿದ ‘ಏಬಲ್ ಆರ್ಚರ್’ ಅಭ್ಯಾಸವನ್ನು ಕಂಡು ಸೋವಿಯತ್ ಸೇನೆಯ ಒಂದು ಭಾಗ ಕಟ್ಟೆಚ್ಚರದಲ್ಲಿ ನಿಂತಿತು. ಅವರು ನಿಜವಾಗಿಯೂ ನಮಗೆ ಹೆದರುತ್ತಾರೆ ಎಂದು ರೇಗನ್‌ಗೆ ಅರಿವಾಗುತ್ತ ಬಂದದ್ದು ಆ ಹೊತ್ತಿಗೆ.

1984ರ ಜನವರಿ 16ರ ಭಾಷಣದಲ್ಲಿ ದನಿ ಬದಲಾಯಿತು. ಅದರ ಕೊನೆಯ ಭಾಗವನ್ನು ರೇಗನ್ ಸ್ವತಃ ಕೈಯಾರೆ ಬರೆದರು. ಇವಾನ್-ಆನ್ಯಾ ಎಂಬ ರಷ್ಯನ್ ಜೋಡಿ, ಜಿಮ್-ಸ್ಯಾಲಿ ಎಂಬ ಅಮೆರಿಕನ್ ಜೋಡಿ ಮಳೆಯಲ್ಲಿ ಒಂದೇ ಸೂರಿನಡಿ ಸಿಕ್ಕಿಬಿದ್ದರೆ ಏನು ಮಾತಾಡುತ್ತಾರೆ? ಮಕ್ಕಳ ವಿಚಾರ, ಕೆಲಸದ ವಿಚಾರ. ಭಾಷಣಪಂಡಿತರಿಗೆ ಇದು ಸಿನಿಮೀಯ ಅನ್ನಿಸಿರಬಹುದು. ಮನುಷ್ಯ ಸಿನಿಮಾದಿಂದಲೇ ಬಂದವನು. 1987ರಲ್ಲಿ ಬರ್ಲಿನ್ನಿನ ಬ್ರಾಂಡೆನ್‌ಬರ್ಗ್ ಬಾಗಿಲಿನೆದುರು ‘ಗೋರ್ಬಚೆವ್ ಅವರೇ, ಈ ಗೋಡೆ ಕೆಡವಿ’ ಎಂದು ಕೂಗಿದರು. ವಿದೇಶಾಂಗ ಇಲಾಖೆ ಆ ವಾಕ್ಯ ತೆಗೆಸಲು ಪಟ್ಟುಹಿಡಿದಿತ್ತು, ರೇಗನ್ ಉಳಿಸಿಕೊಂಡರು. ಅದೇ ವರ್ಷದ ಡಿಸೆಂಬರ್ 8ರಂದು ಸೋವಿಯತ್ ನಾಯಕ ಗೋರ್ಬಚೆವ್ ಜತೆ ಕೂತು ಮಧ್ಯಮವ್ಯಾಪ್ತಿಯ ಕ್ಷಿಪಣಿಗಳನ್ನು ನಾಶಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು. ನಂಬು, ಆದರೆ ಪರೀಕ್ಷಿಸು ಎಂಬ ರಷ್ಯನ್ ಗಾದೆಯನ್ನು ರಷ್ಯನ್ನಿನಲ್ಲೇ ಹೇಳಿದಾಗ, ಪ್ರತಿ ಸಭೆಯಲ್ಲೂ ಇದನ್ನೇ ಹೇಳುತ್ತೀರಿ ಎಂದು ಗೋರ್ಬಚೆವ್ ನಗೆಯಾಡಿದರು.

ಮರುವರ್ಷ ಮೇ 31ರಂದು ಮಾಸ್ಕೊದಲ್ಲಿ ಗೋರ್ಬಚೆವ್ ಜತೆ ಓಡಾಡುತ್ತಿದ್ದ ರೇಗನ್‌ರನ್ನು ಪತ್ರಕರ್ತರು ಕೇಳಿದರು: ಇದು ಈಗಲೂ ದುಷ್ಟ ಸಾಮ್ರಾಜ್ಯವೇ? ಇಲ್ಲ, ಆಗ ಹೇಳಿದ್ದು ಬೇರೊಂದು ಕಾಲದ ಮಾತು ಎಂದರು ರೇಗನ್. ತಾನು ಮಾಡಿದ ಸಾಲವನ್ನು ತನ್ನ ಅವಧಿಯಲ್ಲೇ ತೀರಿಸಿದ ಅಧ್ಯಕ್ಷ ಅವರೊಬ್ಬರೇ ಇರಬೇಕು. ಅವರ ಬಿರುನುಡಿಯನ್ನು ಹೊಗಳುವ ಅಭಿಮಾನಿಗಳು ಈ ಉತ್ತರವನ್ನು ಅಷ್ಟಾಗಿ ನೆನೆಯುವುದಿಲ್ಲ.

ಗೋಡೆ ಬಿದ್ದದ್ದು 1989ರ ನವೆಂಬರ್ 9ರಂದು, ರೇಗನ್ ಮನೆ ಸೇರಿದ ಮೇಲೆ. ಪೂರ್ವ ಜರ್ಮನಿಯ ವಕ್ತಾರ ಗುಂಟರ್ ಷಬೋವ್‌ಸ್ಕಿ ಪತ್ರಿಕಾಗೋಷ್ಠಿಯಲ್ಲಿ ಹೊಸ ಪ್ರಯಾಣ ನಿಯಮ ‘ಈಗಿನಿಂದಲೇ’ ಜಾರಿ ಎಂದು ಗಡಿಬಿಡಿಯಲ್ಲಿ ಹೇಳಿದ್ದೇ ತಡ, ಜನ ಗಡಿಗೆ ನುಗ್ಗಿದರು. ಶ್ವೇತಭವನದಲ್ಲಿ ಜಾರ್ಜ್ ಬುಷ್ (ಹಿರಿಯ) ಖುಷಿಯನ್ನೇ ತೋರಿಸಲಿಲ್ಲ. ಗೆದ್ದಿರಲ್ಲ, ಮುಖದಲ್ಲಿ ನಗುವೇ ಇಲ್ಲವಲ್ಲ ಎಂದು ಪತ್ರಕರ್ತೆಯೊಬ್ಬರು ಚುಚ್ಚಿದಾಗ, ನಾನು ಅಷ್ಟು ಭಾವುಕ ಮನುಷ್ಯನಲ್ಲ ಎಂದರು. ಟೀಕೆ ಬಂತು. ಆದರೆ ಸೋತವನ ಮುಖಕ್ಕೆ ಸೋಲು ತೋರಿಸದಿದ್ದುದರಿಂದಲೇ ಗೋರ್ಬಚೆವ್ ತಮ್ಮ ಜನರಲ್‌ಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲು ಸುಲಭವಾಯಿತು. ಹನ್ನೊಂದು ತಿಂಗಳಲ್ಲಿ ಗುಂಡು ಹಾರಿಸದೆ ಎರಡು ಜರ್ಮನಿ ಒಂದಾದವು.

ಮಗನಿಗೆ ಆ ಸಂಯಮ ಬರಲಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಇರಾಕ್ ವಿರುದ್ಧ ವಾದ ಕಟ್ಟುವ ಒಂದು ವಾಕ್ಯ ಬೇಕಿತ್ತು. ಭಾಷಣ ಬರೆಯುವ ಡೇವಿಡ್ ಫ್ರಮ್, ಎರಡನೇ ಮಹಾಯುದ್ಧದ ಜರ್ಮನಿ-ಇಟಲಿ-ಜಪಾನ್ ಕೂಟವನ್ನು ನೆನೆದು ‘ದ್ವೇಷದ ಕೂಟ’ ಎಂದು ಬರೆದರು. ಮುಖ್ಯ ಭಾಷಣ ಬರಹಗಾರ ಮೈಕೇಲ್ ಗರ್ಸನ್ ಧಾರ್ಮಿಕ ಧಾಟಿಗೆ ಒಗ್ಗಿಸಿ ‘ದ್ವೇಷ’ ತೆಗೆದು ‘ದುಷ್ಟ’ ಹಾಕಿದರು. ಇರಾಕ್ ಒಂದೇ ಇದ್ದರೆ ಕೂಟವಾಗದಲ್ಲ? ಇರಾನ್, ಉತ್ತರ ಕೊರಿಯಾ ಸೇರಿಕೊಂಡವು. 2002ರ ಜನವರಿ 29ರಂದು ಜಾರ್ಜ್ ಡಬ್ಲ್ಯು. ಬುಷ್ ಕಾಂಗ್ರೆಸ್ಸಿನೆದುರು ಅದನ್ನು ಓದಿದರು.

ಇರಾಕ್-ಇರಾನ್ 1980ರಿಂದ ಎಂಟು ವರ್ಷ ಒಂದನ್ನೊಂದು ಕೊಂದು ಹಾಕಿದ ದೇಶಗಳು. ಉತ್ತರ ಕೊರಿಯಾಕ್ಕೂ ಆ ಜಗಳಕ್ಕೂ ಎತ್ತಣಿಂದೆತ್ತ ಸಂಬಂಧ? ಇದಕ್ಕಿಂತ ನೋವಿನ ಸಂಗತಿ ಬೇರೆಯಿದೆ. ಆ ಭಾಷಣಕ್ಕೆ ಎರಡೇ ತಿಂಗಳ ಹಿಂದೆ ಜರ್ಮನಿಯ ಬಾನ್‌ನಲ್ಲಿ ಅಫ್ಗಾನಿಸ್ತಾನದ ಹೊಸ ಸರಕಾರ ರಚಿಸುವ ಸಭೆ ನಡೆದಿತ್ತು. ಅಲ್ಲಿ ಅಮೆರಿಕದ ಪ್ರತಿನಿಧಿ ಜೇಮ್ಸ್ ಡಾಬಿನ್ಸ್‌ಗೆ ಇರಾನಿನ ಪ್ರತಿನಿಧಿ ಜವಾದ್ ಜರೀಫ್ ನೆರವಾಗಿದ್ದರು. ಹಟ ಹಿಡಿದ ಅಫ್ಗನ್ ಬಣವನ್ನು ಒಪ್ಪಿಸಿದ್ದು ಅವರೇ ಎಂದು ಡಾಬಿನ್ಸ್ ಮುಂದೆ ಹೇಳಿದರು. ಟೆಹ್ರಾನಿನಲ್ಲಿ ಆಗ ಸುಧಾರಣಾವಾದಿ ಮೊಹಮ್ಮದ್ ಖತಾಮಿ ಅಧ್ಯಕ್ಷ. ಅಮೆರಿಕದ ಜತೆ ಮಾತಾಡಬಹುದು ಎಂದು ವಾದಿಸುತ್ತಿದ್ದವರ ಬಾಯಿಗೆ ಆ ಒಂದು ಪದ ಬೀಗ ಹಾಕಿತು. ನೋಡಿದಿರಾ, ಸಹಾಯ ಮಾಡಿದ್ದಕ್ಕೆ ಸಿಕ್ಕ ಬಹುಮಾನ ಎಂದು ಕಟ್ಟರ್‌ವಾದಿಗಳು ಹಂಗಿಸಿದರು.

ಮುಂದಿನದು ಎಲ್ಲರಿಗೂ ಗೊತ್ತು. ಇರಾಕಿನ ಅಧ್ಯಕ್ಷ ಸದ್ದಾಂ ಆಫ್ರಿಕಾದಲ್ಲಿ ಯುರೇನಿಯಂ ಹುಡುಕಿದ ಎಂಬ ಹದಿನಾರು ಪದಗಳ ವಾಕ್ಯ 2003ರ ಜನವರಿಯ ಭಾಷಣದಲ್ಲಿ ಬಂತು. ಅದು ಅಲ್ಲಿ ಇರಬಾರದಿತ್ತು ಎಂದು ಜುಲೈನಲ್ಲಿ ಸಿಐಎ ಮುಖ್ಯಸ್ಥರೇ ಒಪ್ಪಿಕೊಂಡರು. ಅಷ್ಟರಲ್ಲಿ ಬಾಗ್ದಾದ್ ಬಿದ್ದು ಮೂರು ತಿಂಗಳಾಗಿತ್ತು. ‘ಕೂಟ’ದ ಮೂವರಲ್ಲಿ ಸಾಮೂಹಿಕ ವಿನಾಶದ ಅಸ್ತ್ರವಿಲ್ಲದ ಇರಾಕ್ ದಾಳಿಗೆ ತುತ್ತಾಯಿತು. ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರನಡೆದು 2006ರ ಅಕ್ಟೋಬರ್ 9ರಂದು ಬಾಂಬು ಸಿಡಿಸಿತು. ಅದರ ಮೇಲೆ ಯಾರೂ ದಾಳಿ ಮಾಡಲಿಲ್ಲ. ಉಳಿದ ದೇಶಗಳು ಇದರಿಂದ ಏನು ಕಲಿತಿರಬೇಡ!

ಒಬಾಮ ಮಾತುಗಾರಿಕೆಯಲ್ಲಿ ಇವರೆಲ್ಲರಿಗಿಂತ ಒಂದು ಕೈ ಮೇಲು. ಅವರನ್ನು ಸಿಕ್ಕಿಸಿದ್ದು ಬರೆದು ತಂದ ಭಾಷಣವಲ್ಲ. 2012ರ ಆಗಸ್ಟ್ 20ರಂದು ಪತ್ರಕರ್ತರ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ಸಿರಿಯಾ ರಾಸಾಯನಿಕ ಅಸ್ತ್ರ ಬಳಸಿದರೆ ಅದು ನಮಗೆ ಕೆಂಪು ಗೆರೆ ಎಂದರು. ವರ್ಷ ತುಂಬಿ ಒಂದು ದಿನಕ್ಕೆ ಡಮಾಸ್ಕಸ್ ಬಳಿಯ ಘೌಟಾದಲ್ಲಿ ವಿಷಾನಿಲ ಹರಿಯಿತು. ದಾಳಿ ಮಾಡಲು ಮನಸ್ಸಿಲ್ಲ, ಮಾಡದಿದ್ದರೆ ಮಾತಿಗೆ ಬೆಲೆಯಿಲ್ಲ. ರಷ್ಯಾ ಮುಂದಿಟ್ಟ ಸಂಧಾನಸೂತ್ರ ಹಿಡಿದು ಒಬಾಮ ಅಡಕತ್ತರಿಯಿಂದ ಜಾರಿಕೊಂಡರು. ಅಸ್ತ್ರಗಳ ದೊಡ್ಡ ಭಾಗ ಸಿರಿಯಾದಿಂದ ಹೊರಗೆ ಹೋಯಿತು ಎಂಬುದೂ ನಿಜ, ಅಮೆರಿಕದ ಗೆರೆಗೆ ಅಂದಿನಿಂದ ಬಣ್ಣ ಮಾಸಿತು ಎಂಬುದೂ ನಿಜ.

ಈಗಿನ ಅಧ್ಯಕ್ಷರ ಮಾತಿಗೆ ಕರಡೂ ಇಲ್ಲ, ತಿದ್ದುವ ಪೆನ್ಸಿಲೂ ಇಲ್ಲ. ಡೊನಾಲ್ಡ್ ಟ್ರಂಪ್ 2017ರಲ್ಲಿ ಉತ್ತರ ಕೊರಿಯಾದ ಮೇಲೆ ಬೆಂಕಿ ಸುರಿಸುವ ಮಾತಾಡಿ, ವಿಶ್ವಸಂಸ್ಥೆಯ ವೇದಿಕೆಯಲ್ಲಿ ಅಲ್ಲಿನ ನಾಯಕ ಕಿಮ್ ಜಾಂಗ್ ಉನ್‌ರನ್ನು ‘ರಾಕೆಟ್ ಮನುಷ್ಯ’ ಎಂದು ಕರೆದರು. ಮರುವರ್ಷ ಸಿಂಗಪುರದಲ್ಲಿ ಕೈಕುಲುಕಿ, ಆಮೇಲೆ ನಾವು ಪ್ರೀತಿಯಲ್ಲಿ ಬಿದ್ದೆವು ಎಂದರು. ಬೈಗುಳಕ್ಕೂ ಹೊಗಳಿಕೆಗೂ ಬೆಲೆ ಒಂದೇ ಆದಾಗ ಸಾಲದ ಪ್ರಶ್ನೆಯೇ ಏಳುವುದಿಲ್ಲ, ಅದೊಂದು ಅನುಕೂಲ ಎಂದು ವಾದಿಸುವವರಿದ್ದಾರೆ. ಆ ವಾದಕ್ಕೆ ಭಾರತದಲ್ಲಿ ಕೂತು ತಲೆದೂಗುವುದು ಕಷ್ಟ. 2025ರ ಮೇ 10ರಂದು ಭಾರತ-ಪಾಕಿಸ್ತಾನ ಕದನವಿರಾಮದ ಸುದ್ದಿ ಜಗತ್ತಿಗೆ ಮೊದಲು ತಿಳಿದದ್ದು ಟ್ರಂಪ್ ಅವರ ಟ್ರೂತ್ ಸೋಷಿಯಲ್ ಪೋಸ್ಟ್‌ನಿಂದ, ತಾವೇ ಮಧ್ಯಸ್ಥರು ಎಂಬ ದನಿಯಲ್ಲಿ. ಎರಡೂ ಸೇನೆಗಳ ಅಧಿಕಾರಿಗಳು ನೇರವಾಗಿ ಮಾತಾಡಿ ತೀರ್ಮಾನಿಸಿದ್ದು, ಮೂರನೆಯವರ ಮಧ್ಯಸ್ಥಿಕೆ ಇಲ್ಲ ಎಂದು ದೆಹಲಿ ಹೇಳುತ್ತಲೇ ಬಂತು. ಟ್ರಂಪ್ ತಮ್ಮ ಮಾತನ್ನು ಆಡುತ್ತಲೇ ಬಂದರು. ಜುಲೈ ಕೊನೆಯಲ್ಲಿ ಶೇಕಡಾ 25 ಸುಂಕದ ಘೋಷಣೆ, ಬೆನ್ನಿಗೇ ಭಾರತದ್ದು ಸತ್ತ ಆರ್ಥಿಕತೆ ಎಂಬ ಮೂದಲಿಕೆ. ಆಗಸ್ಟ್ 27ಕ್ಕೆ ಸುಂಕ ಶೇಕಡಾ 50ಕ್ಕೆ ಏರಿತು.

ಅದೇ ವರ್ಷದ ಸೆಪ್ಟೆಂಬರ್ 19ರ ಶುಕ್ರವಾರ ಬಂದ ಎಚ್-1ಬಿ ವೀಸಾ ಘೋಷಣೆ ಬೆಂಗಳೂರಿನ ಮನೆಮನೆಯ ಸುದ್ದಿಯಾಯಿತು. ಶುಲ್ಕ ಒಂದು ಲಕ್ಷ ಡಾಲರ್, ಪ್ರತಿ ವರ್ಷ ಕಟ್ಟಬೇಕು ಎಂದು ಅಧ್ಯಕ್ಷರ ಪಕ್ಕದಲ್ಲೇ ನಿಂತು ವಾಣಿಜ್ಯ ಕಾರ್ಯದರ್ಶಿ ಹೇಳಿದರು. ಜಾರಿಗೆ ಬರಲು ಉಳಿದದ್ದು ಒಂದೂವರೆ ದಿನ. ಅಮೆರಿಕದ ಕಂಪನಿಗಳು ಹೊರಗಿದ್ದ ನೌಕರರಿಗೆ ಕೂಡಲೇ ವಾಪಸಾಗಿ ಎಂದು ಸಂದೇಶ ಕಳಿಸಿದವು. ಹಬ್ಬಕ್ಕೆ, ಮದುವೆಗೆ ಊರಿಗೆ ಬಂದವರು ಸಿಕ್ಕ ಬೆಲೆಗೆ ಟಿಕೆಟ್ ಹುಡುಕಿದರು. ಶನಿವಾರ ಶ್ವೇತಭವನದಿಂದ ಸ್ಪಷ್ಟನೆ ಬಂತು: ವರ್ಷಕ್ಕೊಮ್ಮೆ ಅಲ್ಲ, ಒಂದೇ ಸಲ, ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗೆ ಅನ್ವಯಿಸದು.

ಟ್ರೂಮನ್ ಕಾಲದಲ್ಲಿ ಮಾತು ನೀತಿಯಾಗಿ ಗಟ್ಟಿಯಾಗಲು ವರ್ಷಗಳು ಹಿಡಿಯುತ್ತಿದ್ದವು, ಈಗ ವಿಮಾನದ ಟಿಕೆಟ್ ಬುಕ್ ಮಾಡುವಷ್ಟು ಹೊತ್ತು ಸಾಕು. ಹೀಗಿರುವಾಗ ವಾಷಿಂಗ್ಟನ್ನಿನಿಂದ ನಮ್ಮ ಹೆಸರು ಕೇಳಿಬಂದಾಗಲೆಲ್ಲ ಎದೆ ಧಸಕ್ಕೆನ್ನುವ ಮುನ್ನ ಎರಡು ಸಂಗತಿ ನೋಡಿ. ಆ ವಾರ ಅಲ್ಲಿ ಯಾವ ಮಸೂದೆ ಮತಕ್ಕೆ ಬಂದಿದೆ, ಯಾವ ಚುನಾವಣೆ ಹತ್ತಿರವಿದೆ ಎಂಬುದು ಒಂದು. ಮಾತಿನ ಹಿಂದೆ ಸಹಿ ಹಾಕಿದ ಆದೇಶ ಇದೆಯೇ, ಅದರಲ್ಲಿ ಏನು ಬರೆದಿದೆ ಎಂಬುದು ಇನ್ನೊಂದು. ಆದೇಶಗಳ ಪೂರ್ಣಪಾಠ ಶ್ವೇತಭವನದ ಜಾಲತಾಣದಲ್ಲೇ ಸಿಗುತ್ತದೆ.